‘ಫುಟ್‌ಲೂಸ್’ ಹಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಇಂಗ್ಲಿಷ್ ಪಾಪ್ ಹಾಡುಗಳ ಮಾತು ಬಂದಾಗಲೆಲ್ಲ ಈ ಹಾಡಿನ ಬಗ್ಗೆ ಅದೇ ಅದೇ ಪ್ರಶ್ನೆಗಳು ಬರುತ್ತವೆ. ಬರೆದವರು ಯಾರು, ಕುಣಿತಕ್ಕೆ ನಿಷೇಧ ಇದ್ದ ಊರಿನ ಕಥೆ ನಿಜವಾ, ಇದೇ ಹೆಸರಿನ ಸಿನಿಮಾದ ನಾಯಕ ಕೆವಿನ್ ಬೇಕನ್‌ಗೆ ಈ ಹಾಡು ಕೇಳಿದರೆ ಯಾಕೆ ಮುಜುಗರ... ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಇದು ಯಾವ ಹಾಡು? ಯಾವಾಗಿನದ್ದು?

1984ರ ಹಾಡು. ‘ಫುಟ್‌ಲೂಸ್’ ಅನ್ನುವ ಹಾಲಿವುಡ್ ಸಿನಿಮಾಗೆ ಅಂತಲೇ ಬರೆದದ್ದು. ಹಾಡಿದವರು ಕೆನ್ನಿ ಲಾಗಿನ್ಸ್. ಬರೆದವರು ಇಬ್ಬರು: ಲಾಗಿನ್ಸ್ ಮತ್ತು ಡೀನ್ ಪಿಚ್‌ಫೋರ್ಡ್. ಸಿನಿಮಾ ಅಮೆರಿಕದಲ್ಲಿ ತೆರೆಗೆ ಬಂದದ್ದು 1984ರ ಫೆಬ್ರವರಿ 17ಕ್ಕೆ. ಹಾಡು ಅದಕ್ಕೂ ಮೊದಲೇ, ಜನವರಿಯಲ್ಲೇ ರೇಡಿಯೋಗೆ ಬಂದಿತ್ತು. ಅಂದರೆ ಜನ ಮೊದಲು ಹಾಡು ಕೇಳಿದರು, ಆಮೇಲೆ ಥಿಯೇಟರ್‌ಗೆ ಹೋದರು.

ನಿಮಗೆ ಹೆಸರು ಗೊತ್ತಿಲ್ಲದಿದ್ದರೂ ಹಾಡು ಗೊತ್ತಿರುತ್ತದೆ. ಡ್ರಮ್ಸ್ ಬಡಿತ, ಹಿಂದೆಯೇ ದಪ್ಪ ದನಿಯ ಗಿಟಾರ್, ಕೂತಲ್ಲೇ ಕಾಲು ಅಲುಗಾಡಲು ಶುರು. ಅದೇ.

ಕೆನ್ನಿ ಲಾಗಿನ್ಸ್ ಅಂದರೆ ಯಾರು? ಸಿನಿಮಾ ಗಾಯಕರಾ?

ಅಲ್ಲ. ನಮ್ಮಲ್ಲಿರುವ ಹಾಗೆ ಹಿನ್ನೆಲೆ ಗಾಯನವೇ ಕಸುಬಾದವರಲ್ಲ. ತಾವೇ ಹಾಡು ಕಟ್ಟಿ ತಾವೇ ಹಾಡುವವರು. 1948ರಲ್ಲಿ ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿ ಹುಟ್ಟಿದರು. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಎಪ್ಪತ್ತರ ದಶಕದಲ್ಲಿ ಜಿಮ್ ಮೆಸ್ಸಿನಾ ಜೊತೆ ಸೇರಿ ‘ಲಾಗಿನ್ಸ್ ಆ್ಯಂಡ್ ಮೆಸ್ಸಿನಾ’ ಅಂತ ಜೋಡಿ ಕಟ್ಟಿಕೊಂಡಿದ್ದರು. ಆಗಿನ ಅವರ ಹಾಡುಗಳು ಮೆತ್ತಗಿನವು. ಗಿಟಾರ್ ಹಿಡಿದು ಜಗಲಿಯಲ್ಲಿ ಕೂತು ಹಾಡುವಂಥವು. ಅಣ್ಣನಿಗೆ ಮಗು ಹುಟ್ಟಿದ ಖುಷಿಗೆ ಬರೆದ ‘ಡ್ಯಾನೀಸ್ ಸಾಂಗ್’ ಕೇಳಿ ನೋಡಿ. ‘ಫುಟ್‌ಲೂಸ್’ ಹಾಡಿದ ಮನುಷ್ಯ ಇವರೇನಾ ಅನ್ನಿಸುತ್ತದೆ.

ಸಿನಿಮಾ ನಂಟು ಗಟ್ಟಿಯಾದದ್ದು 1980ರಲ್ಲಿ, ‘ಕ್ಯಾಡಿಶ್ಯಾಕ್’ ಅನ್ನುವ ಹಾಸ್ಯ ಚಿತ್ರಕ್ಕೆ ‘ಐ ಆ್ಯಮ್ ಆಲ್‌ರೈಟ್’ ಬರೆದಾಗ. ಅದು ಹಿಟ್ ಆಯಿತು. ಅಲ್ಲಿಂದ ಹಾಲಿವುಡ್‌ನವರು ಇವರ ಮನೆ ಬಾಗಿಲು ಬಿಡಲಿಲ್ಲ. ಆಮೇಲಂತೂ ‘ಸೌಂಡ್‌ಟ್ರ್ಯಾಕ್‌ಗಳ ರಾಜ’ ಅಂತಲೇ ಕರೆದರು.

ಸಿನಿಮಾ ಕಥೆ ಏನು? ಎರಡು ಮಾತಲ್ಲಿ ಹೇಳಿ.

ಶಿಕಾಗೋದಿಂದ ರೆನ್ ಅನ್ನುವ ಹುಡುಗ (ಕೆವಿನ್ ಬೇಕನ್ ಮಾಡಿದ ಪಾತ್ರ) ತಾಯಿ ಜೊತೆ ಬೋಮಾಂಟ್ ಅನ್ನುವ ಸಣ್ಣ ಊರಿಗೆ ಬರುತ್ತಾನೆ. ಆ ಊರಲ್ಲಿ ಕುಣಿಯುವ ಹಾಗಿಲ್ಲ, ರಾಕ್ ಸಂಗೀತ ಹಾಕುವ ಹಾಗಿಲ್ಲ. ಚರ್ಚಿನ ಪಾದ್ರಿಯ ಮಗ ಒಂದು ರಾತ್ರಿ ಕುಣಿದು ಕುಡಿದು ವಾಪಸ್ ಬರುವಾಗ ಕಾರು ಅಪಘಾತದಲ್ಲಿ ಸತ್ತಿರುತ್ತಾನೆ. ಅದರ ನೋವಿನಿಂದ ಹುಟ್ಟಿದ ಕಟ್ಟಳೆ ಅದು. ರೆನ್ ಮತ್ತು ಅವನ ಗೆಳೆಯರು ಹೈಸ್ಕೂಲಿನ ಕೊನೆ ವರ್ಷದ ಡ್ಯಾನ್ಸ್ ಪಾರ್ಟಿಗಾಗಿ ಹೋರಾಡುತ್ತಾರೆ. ಅಷ್ಟೇ ಕಥೆ.

ಪಾದ್ರಿಯಾಗಿ ನಟಿಸಿದ ಜಾನ್ ಲಿತ್‌ಗೋ ಇಲ್ಲದಿದ್ದರೆ ಇದು ತೀರಾ ಸಾಧಾರಣ ಚಿತ್ರ ಆಗಿರುತ್ತಿತ್ತು ಅಂತ ನನ್ನ ಅನಿಸಿಕೆ. ಅವರು ಪಾದ್ರಿಯನ್ನು ಖಳನಾಯಕ ಮಾಡಲಿಲ್ಲ. ಮಗನನ್ನು ಕಳೆದುಕೊಂಡ ಅಪ್ಪನನ್ನಾಗಿ ಮಾಡಿದರು.

ಕುಣಿಯೋದಕ್ಕೆ ನಿಷೇಧ ಅಂತೆ! ಅಂಥ ಊರು ನಿಜವಾಗಿಯೂ ಇತ್ತಾ?

ಇತ್ತು. ಓಕ್ಲಹೋಮಾ ರಾಜ್ಯದ ಎಲ್ಮೋರ್ ಸಿಟಿ. ಹೆಸರಲ್ಲಿ ಸಿಟಿ ಇದೆ, ಜನಸಂಖ್ಯೆ ಮಾತ್ರ ಕೆಲವು ನೂರು. 1898ರಲ್ಲಿ ಊರು ಕಟ್ಟಿದಾಗಿನಿಂದ ಅಲ್ಲಿ ಸಾರ್ವಜನಿಕವಾಗಿ ಕುಣಿಯುವುದಕ್ಕೆ ನಿಷೇಧ ಇತ್ತು. ಕುಣಿತ ಇದ್ದಲ್ಲಿ ಕುಡಿತ ಬರುತ್ತದೆ ಅನ್ನುವುದು ಹಿರಿಯರ ಲೆಕ್ಕ. 1980ರಲ್ಲಿ ಅಲ್ಲಿನ ಹೈಸ್ಕೂಲ್ ಮಕ್ಕಳು ನಮಗೂ ಪ್ರಾಮ್ ಬೇಕು ಅಂತ ಹಟ ಹಿಡಿದರು. ಪ್ರಾಮ್ ಅಂದರೆ ಅಮೆರಿಕದ ಶಾಲೆಗಳಲ್ಲಿ ವರ್ಷದ ಕೊನೆಗೆ ಕೋಟು, ಗೌನು ಹಾಕಿಕೊಂಡು ಹೋಗುವ ಡ್ಯಾನ್ಸ್. ಅಕ್ಕಪಕ್ಕದ ಚರ್ಚಿನವರು ವಿರೋಧ ಮಾಡಿದರು. ಶಾಲಾ ಮಂಡಳಿಯಲ್ಲಿ ವೋಟಿಗೆ ಬಿತ್ತು. ಕೊನೆಗೆ ಮಕ್ಕಳೇ ಗೆದ್ದರು, ಪ್ರಾಮ್ ನಡೆಯಿತು.

ಈ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ಓದಿದವರಲ್ಲಿ ಡೀನ್ ಪಿಚ್‌ಫೋರ್ಡ್ ಒಬ್ಬರು. ಓದಿ ಸುಮ್ನೆ ಕೂರಲಿಲ್ಲ. ಎಲ್ಮೋರ್ ಸಿಟಿಗೇ ಹೋಗಿ ಇದ್ದು, ಅಲ್ಲಿನ ಜನರನ್ನು ಮಾತಾಡಿಸಿ ಬಂದರು. ಈಗ ಅದೇ ಊರಿನಲ್ಲಿ ಸಿನಿಮಾದ ಹೆಸರಿನಲ್ಲಿ ಉತ್ಸವ ಮಾಡುತ್ತಾರೆ. ಕುಣಿತ ಬೇಡ ಅಂದ ಊರಿಗೆ ಕುಣಿತದಿಂದಲೇ ಹೆಸರು ಬಂತು ನೋಡಿ.

ಈ ಪಿಚ್‌ಫೋರ್ಡ್ ಯಾರು? ಲಾಗಿನ್ಸ್ ಹೆಸರಷ್ಟೇ ಕೇಳಿದ್ದೆ.

ನಿಜ ಹೇಳಬೇಕೆಂದರೆ ಈ ಹಾಡಿನ ಅರ್ಧ ಗುಟ್ಟು ಇವರಲ್ಲೇ ಇದೆ. ಹೊನೊಲುಲುವಿನಲ್ಲಿ ಹುಟ್ಟಿದವರು. ಮೊದಲು ನ್ಯೂಯಾರ್ಕಿನಲ್ಲಿ ರಂಗನಟ. ಆಮೇಲೆ ಗೀತರಚನೆಗೆ ಇಳಿದರು. 1980ರ ‘ಫೇಮ್’ ಚಿತ್ರದ ಶೀರ್ಷಿಕೆ ಹಾಡನ್ನು ಮೈಕಲ್ ಗೋರ್ ಜೊತೆ ಬರೆದು ಆಸ್ಕರ್ ಗೆದ್ದರು.

‘ಫುಟ್‌ಲೂಸ್’ ಚಿತ್ರದ ಕಥೆ, ಚಿತ್ರಕಥೆ, ಸಂಭಾಷಣೆ ಎಲ್ಲ ಇವರದೇ. ಅದರ ಜೊತೆಗೆ ಆಲ್ಬಂನಲ್ಲಿ ಇದ್ದ ಒಂಬತ್ತೂ ಹಾಡುಗಳ ಬರವಣಿಗೆಯಲ್ಲಿ ಇವರ ಕೈ ಇದೆ. ಸಂಗೀತಗಾರರು ಹಲವರು, ಆದರೆ ಸಾಹಿತ್ಯದ ಕಡೆ ಒಬ್ಬರೇ ಮನುಷ್ಯ. ಸಾಮಾನ್ಯವಾಗಿ ಏನಾಗುತ್ತದೆ? ನಿರ್ದೇಶಕರು ಗೀತರಚನೆಕಾರರಿಗೆ ಸನ್ನಿವೇಶ ವಿವರಿಸುತ್ತಾರೆ, ಅವರು ಅದಕ್ಕೆ ತಕ್ಕಂತೆ ಬರೆಯುತ್ತಾರೆ. ಇಲ್ಲಿ ಸನ್ನಿವೇಶ ಹುಟ್ಟಿಸಿದವರೇ ಹಾಡನ್ನೂ ಬರೆದರು. ಯಾರೂ ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ.

ಹಾಡು ಹುಟ್ಟಿದ್ದು ಹೇಗೆ?

ಇದು ಒಳ್ಳೇ ಕಥೆ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಲಾಗಿನ್ಸ್ ಮತ್ತು ಪಿಚ್‌ಫೋರ್ಡ್ ಅದಕ್ಕೂ ಮೊದಲೇ ಪರಿಚಯ. 1982ರಲ್ಲಿ ‘ಡೋಂಟ್ ಫೈಟ್ ಇಟ್’ ಅನ್ನುವ ಹಾಡನ್ನು ಜರ್ನಿ ಬ್ಯಾಂಡಿನ ಸ್ಟೀವ್ ಪೆರ್ರಿ ಜೊತೆ ಸೇರಿ ಮೂವರೂ ಬರೆದಿದ್ದರು. ಹಾಗಾಗಿ ಪಿಚ್‌ಫೋರ್ಡ್ ತಮ್ಮ ಸಿನಿಮಾಗೆ ಹಾಡು ಕೇಳಿದಾಗ ಲಾಗಿನ್ಸ್ ಗೆಳೆತನಕ್ಕೆ ಒಪ್ಪಿಕೊಂಡರು.

ಪಿಚ್‌ಫೋರ್ಡ್‌ಗೆ ಲಾಗಿನ್ಸ್ ಬೇಕೇ ಬೇಕಿತ್ತು. ಅವರು ಆಗ ಹೊಸ ಚಿತ್ರಕಥೆಗಾರ. ಸ್ಟುಡಿಯೋ ಪ್ಯಾರಮೌಂಟ್. ಹಾಡುಗಳ ಮೇಲೆ ನಿಂತ ಸಿನಿಮಾ ಅಂದಮೇಲೆ ಒಂದು ದೊಡ್ಡ ಹೆಸರು ಇದ್ದರೆ ಸ್ಟುಡಿಯೋಗೂ ಧೈರ್ಯ. ಲಾಗಿನ್ಸ್ ಕೈತಪ್ಪಿ ಹೋದರೆ ಸಿನಿಮಾವೇ ಕೈತಪ್ಪೀತು ಅನ್ನುವ ಭಯ.

ಅಷ್ಟರಲ್ಲಿ ಲಾಗಿನ್ಸ್ ಯೂಟಾ ರಾಜ್ಯದ ಪ್ರೊವೋದಲ್ಲಿ ಕಾರ್ಯಕ್ರಮ ಕೊಡುವಾಗ ವೇದಿಕೆಯಿಂದ ಕೆಳಗೆ ಬಿದ್ದರು. ಪಕ್ಕೆಲುಬು ಮುರಿಯಿತು. ಹಾಡು ಬರೆಯುವ ದಿನ ಮುಂದಕ್ಕೆ ಹೋಯಿತು. ಚೇತರಿಸಿಕೊಂಡು ಎದ್ದಾಗ ಅವರ ಮುಂದೆ ಏಷ್ಯಾ ಪ್ರವಾಸ ಇತ್ತು. ಅದಕ್ಕೂ ಮುಂಚೆ ಲೇಕ್ ಟಾಹೋದಲ್ಲಿ ಕೆಲವು ಶೋ. ಆ ಸಂದಿನಲ್ಲೇ ಹಾಡು ಮುಗಿಯಬೇಕು, ಇಲ್ಲದಿದ್ದರೆ ಇಲ್ಲ.

ಪಿಚ್‌ಫೋರ್ಡ್ ಟಾಹೋಗೆ ಹೊರಟರು. ಹೊರಡುವ ಹೊತ್ತಿಗೆ ಅವರಿಗೆ ಗಂಟಲು ಸೋಂಕು, ಜ್ವರ. ಇಲ್ಲಿ ಒಂದು ಸೂಕ್ಷ್ಮ ಇದೆ. ಲಾಗಿನ್ಸ್ ರಾತ್ರಿ ವೇದಿಕೆಯಲ್ಲಿ ಹಾಡಬೇಕಾದವರು. ಗಂಟಲು ಕೆಟ್ಟವನು ಹತ್ತಿರ ಕೂತಿದ್ದಾನೆ ಅಂತ ಗೊತ್ತಾದರೆ ಯಾವ ಗಾಯಕ ಇರುತ್ತಾನೆ? ಹಾಗಾಗಿ ಪಿಚ್‌ಫೋರ್ಡ್ ಬಾಯಿ ಬಿಡಲಿಲ್ಲ. ಔಷಧಿ ತಗೊಂಡು, ಕಾಯಿಲೆ ಮುಚ್ಚಿಟ್ಟುಕೊಂಡು, ಲಾಗಿನ್ಸ್ ಜೊತೆ ಹೋಟೆಲ್ ರೂಮಿನಲ್ಲಿ ಕೂತರು. ಪಕ್ಕೆ ನೋವಿನವರು ಒಬ್ಬರು, ಗಂಟಲು ನೋವಿನವರು ಇನ್ನೊಬ್ಬರು. ಅಲ್ಲಿ ಕೂತು ಬರೆದದ್ದು ಜಗತ್ತನ್ನೇ ಕುಣಿಸಿದ ಹಾಡು. ಈ ಕಥೆಯನ್ನು ಪಿಚ್‌ಫೋರ್ಡ್ ಆಮೇಲೆ ಸಂದರ್ಶನಗಳಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ.

ಸಾಹಿತ್ಯದಲ್ಲಿ ಏನಿದೆ? ಸುಮ್ನೆ ಕುಣಿಯಿರಿ ಕುಣಿಯಿರಿ ಅಂತ ತಾನೇ?

ಮೇಲೆ ಮೇಲೆ ಕೇಳಿದರೆ ಹಾಗೇ ಅನ್ನಿಸುತ್ತದೆ. ಆದರೆ ಒಂದು ಸಲ ಸಾಲು ಹಿಡಿದು ಕೇಳಿ.

ಮೊದಲ ಚರಣ ಶುರುವಾಗುವುದು ಶಾಲೆಯಿಂದ ಅಲ್ಲ, ಕೆಲಸದಿಂದ. ಮೈ ಮುರಿದು ದುಡಿಯುತ್ತಿದ್ದೇನೆ, ಹಾಜರಿ ಕಾರ್ಡ್ ಪಂಚ್ ಮಾಡುತ್ತಿದ್ದೇನೆ, ಎಂಟು ಗಂಟೆ ಸವೆಸುತ್ತಿದ್ದೇನೆ, ಎಲ್ಲ ಯಾತಕ್ಕೆ ಅಂತ ಕೇಳುತ್ತಾನೆ. ಹದಿಹರೆಯದವರ ಸಿನಿಮಾದ ಹಾಡು ಫ್ಯಾಕ್ಟರಿ ಕೆಲಸಗಾರನ ಗೊಣಗಾಟದಿಂದ ಶುರುವಾಗುತ್ತದೆ! ಸಿನಿಮಾದಲ್ಲಿ ರೆನ್ ಶಾಲೆ ಬಿಟ್ಟ ಮೇಲೆ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ, ಅದು ಸರಿ. ಆದರೆ ಅದು ಗೊತ್ತಿಲ್ಲದವರಿಗೂ ಈ ಸಾಲು ತಾಗುತ್ತದೆ. ಶುಕ್ರವಾರ ಸಂಜೆ ಆಫೀಸಿನಿಂದ ಹೊರಬಿದ್ದ ಯಾರಿಗೆ ತಾಗಲ್ಲ ಹೇಳಿ?

ಎರಡನೇ ಚರಣದಲ್ಲಿ ‘ನಾನು’ ಹೋಗಿ ‘ನೀನು’ ಬರುತ್ತದೆ. ನೀನು ದೊಡ್ಡ ಗಂಭೀರ ಆಸಾಮಿ ಥರ ಇದ್ದೀಯ, ಎಲ್ಲ ರೂಲ್ಸ್ ಪಾಲಿಸುತ್ತೀಯ, ಆದರೆ ಒಳಗೊಳಗೇ ಉರಿಯುತ್ತಿದ್ದೀಯ ಅಂತ. ಇದು ಪಾದ್ರಿಯ ಮಗಳು ಏರಿಯಲ್‌ಗೂ ಹೊಂದುತ್ತದೆ, ಇಡೀ ಊರಿಗೂ ಹೊಂದುತ್ತದೆ. ಪಲ್ಲವಿಯ ಹೊತ್ತಿಗೆ ‘ಎಲ್ಲರೂ’ ಬಂದು ಸೇರುತ್ತಾರೆ. ಒಬ್ಬನಿಂದ ಶುರುವಾಗಿ, ಇನ್ನೊಬ್ಬಳನ್ನು ಎಳೆದುಕೊಂಡು, ಊರನ್ನೇ ಕುಣಿಸುವುದು. ಸಿನಿಮಾದ ಕಥೆಯೂ ಅದೇ ತಾನೇ.

ಪಲ್ಲವಿಯಲ್ಲಿ ಭಾನುವಾರದ ಬೂಟು ಕಳಚಿ ಬಿಸಾಕು ಅಂತ ಬರುತ್ತದೆ. ಭಾನುವಾರದ ಬೂಟು ಅಂದರೆ ಚರ್ಚಿಗೆ ಹೋಗುವಾಗ ಹಾಕಿಕೊಳ್ಳುವ ಪಾಲಿಶ್ ಮಾಡಿದ ಬೂಟು. ಇಡೀ ಹಾಡಿನಲ್ಲಿ ಚರ್ಚಿನ ನೆರಳು ಬೀಳುವುದು ಅಲ್ಲಿ ಮಾತ್ರ. ಪಾದ್ರಿ ಇಲ್ಲ, ನಿಷೇಧ ಇಲ್ಲ, ಬೋಮಾಂಟ್ ಇಲ್ಲ, ಪ್ರಾಮ್ ಇಲ್ಲ. ನನ್ನ ಪ್ರಕಾರ ಹಾಡು ಸಿನಿಮಾವನ್ನು ದಾಟಿ ಬದುಕಿದ್ದು ಇದರಿಂದಲೇ. ಕಥೆ ಅರೆದು ಕುಡಿದವರೇ ಬರೆದದ್ದರಿಂದ ಕಥೆಯನ್ನು ಹಾಡಿನೊಳಗೆ ತುರುಕುವ ಅವಸರ ಇರಲಿಲ್ಲ. ಎಷ್ಟು ಬಿಡಬೇಕು ಅಂತ ಅವರಿಗೆ ಗೊತ್ತಿತ್ತು. ಸಿನಿಮಾ ನೋಡದವರಿಗೂ ಈ ಹಾಡು ಪೂರ್ತಿ ಅರ್ಥವಾಗುತ್ತದೆ, ನೋಡಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಅರ್ಥವಾಗುತ್ತದೆ.

ಲೂಯೀಸ್, ಜ್ಯಾಕ್, ಮರೀ, ಮೈಲೋ... ಇವರೆಲ್ಲ ಯಾರು?

ಯಾರೂ ಅಲ್ಲ. ಸಿನಿಮಾದ ಪಾತ್ರಗಳಂತೂ ಅಲ್ಲ. ಪಾತ್ರಗಳ ಹೆಸರು ರೆನ್, ಏರಿಯಲ್, ವಿಲ್ಲರ್ಡ್, ರಸ್ಟಿ ಹೀಗೆ. ಹಾಡಿನ ಹೆಸರುಗಳು ಪ್ರಾಸಕ್ಕೆ ಬಂದವು. ಪಲ್ಲವಿಯಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಅಖಾಡಕ್ಕೆ ಕರೆದ ಹಾಗೆ ಕೇಳುತ್ತದೆ. ಪಾರ್ಟಿಯಲ್ಲಿ ಇದನ್ನು ಹಾಕಿದಾಗ ಆ ಹೆಸರುಗಳು ಬರುವ ಜಾಗದಲ್ಲಿ ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗುವುದಕ್ಕೆ ಕಾರಣ ಅದೇ.

ಸಂಗೀತದಲ್ಲಿ ಅಂಥ ವಿಶೇಷ ಏನಿದೆ?

ಮೊದಲನೆಯದು ವೇಗ. ನಿಮಿಷಕ್ಕೆ ಸುಮಾರು 174 ಬಡಿತ. ಡಿಸ್ಕೊ ಹಾಡುಗಳು 120ರ ಆಸುಪಾಸು ಇರುತ್ತವೆ. ಇದು ಅದಕ್ಕಿಂತ ಎಷ್ಟೋ ಮುಂದೆ. ಆದರೂ ಓಡಿದ ಹಾಗೆ ಅನ್ನಿಸಲ್ಲ, ಕುಪ್ಪಳಿಸಿದ ಹಾಗೆ ಅನ್ನಿಸುತ್ತದೆ. ಬೇರು ಐವತ್ತು, ಅರವತ್ತರ ದಶಕದ ರಾಕ್ ಆ್ಯಂಡ್ ರೋಲ್‌ನಲ್ಲಿದೆ. ಮೇಲಿನ ಹೊಳಪು ಮಾತ್ರ ಎಂಬತ್ತರದ್ದು.

ಎರಡನೆಯದು ಕೊನೆಯ ಪಲ್ಲವಿಗೆ ಮೊದಲು ಬರುವ ಭಾಗ. ಅಲ್ಲಿವರೆಗೆ ಎಡೆಬಿಡದೆ ಬಡಿಯುತ್ತಿದ್ದ ಹಾಡು ತಟ್ಟನೆ ಖಾಲಿಯಾಗುತ್ತದೆ. ವಾದ್ಯಗಳು ಹಿಂದೆ ಸರಿದು ದನಿಗಳು ಮುಂದೆ ಬರುತ್ತವೆ. ಒಂದು ಸಾಲಿಗೆ ಇನ್ನೊಂದು ದನಿ ಉತ್ತರ ಕೊಡುತ್ತದೆ. ಆಮೇಲೆ ಎಲ್ಲ ಒಟ್ಟಿಗೆ ಮೇಲೇರಿ ಮತ್ತೆ ಪಲ್ಲವಿಗೆ ಧುಮುಕುತ್ತದೆ. ಹೆಡ್‌ಫೋನ್ ಹಾಕಿಕೊಂಡು ಆ ಜಾಗ ಕೇಳಿ. ಫೋನ್ ಸ್ಪೀಕರ್‌ನಲ್ಲಿ ಅದರ ಅರ್ಧವೂ ಸಿಗಲ್ಲ.

ಬೇಸ್ ಗಿಟಾರ್ ನುಡಿಸಿದ್ದು ನೇಥನ್ ಈಸ್ಟ್, ಡ್ರಮ್ಸ್ ಟ್ರಿಸ್ ಇಂಬೋಡನ್. ಮೆಷಿನ್ ತಾಳ ಎಲ್ಲೆಡೆ ಹಬ್ಬುತ್ತಿದ್ದ ಕಾಲದಲ್ಲಿ ಮನುಷ್ಯರೇ ಕೂತು ಬಾರಿಸಿದ್ದು ಹಾಡಿಗೆ ಉಸಿರು ಕೊಟ್ಟಿದೆ.

ಸಿನಿಮಾ ಶುರುವಿನಲ್ಲಿ ಬರೀ ಕಾಲುಗಳು ಕಾಣುತ್ತವಲ್ಲ, ಅದೇನು?

ಹೆಸರುಗಳು ಬರುವ ಹೊತ್ತಿನ ದೃಶ್ಯ ಅದು. ಮುಖ ಇಲ್ಲ, ಸೊಂಟದ ಮೇಲಿನ ದೇಹವೇ ಇಲ್ಲ. ಬರೀ ಪಾದಗಳು. ಕ್ಯಾನ್ವಾಸ್ ಶೂ, ಕೌಬಾಯ್ ಬೂಟು, ಮಿಂಚುವ ಬಂಗಾರದ ಬಣ್ಣದ ಶೂ, ಒಂದಾದ ಮೇಲೊಂದು. ಒಬ್ಬೊಬ್ಬರ ಕುಣಿತ ಒಂದೊಂದು ಥರ. ಕೆಲವರಿಗೆ ಸರಿಯಾಗಿ ಬರುತ್ತದೆ, ಕೆಲವರು ಸುಮ್ನೆ ನೆಲ ಒದೆಯುತ್ತಾರೆ.

ಕುಣಿಯಬಾರದು ಅನ್ನುವ ಊರಿನ ಕಥೆ ಹೇಳುವ ಮೊದಲೇ ನೋಡುವವರ ಕಾಲನ್ನು ಕುಣಿಸಿಬಿಟ್ಟರು. ಆಮೇಲೆ ಪಾದ್ರಿ ಬಂದು ಸಂಗೀತದ ವಿರುದ್ಧ ಉಪದೇಶ ಶುರು ಮಾಡಿದಾಗ ನೀವು ಆಗಲೇ ತಪ್ಪಿತಸ್ಥರು. ನಿರ್ದೇಶಕ ಹರ್ಬರ್ಟ್ ರಾಸ್ ಸಿನಿಮಾಗೆ ಬರುವ ಮುಂಚೆ ನೃತ್ಯ ಸಂಯೋಜಕರಾಗಿದ್ದವರು. ಕಾಲು ಏನು ಮಾತಾಡುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಇದೇ ಹಾಡು ಮತ್ತೆ ಬರುವುದು ಕೊನೆಯ ಪ್ರಾಮ್ ದೃಶ್ಯದಲ್ಲಿ.

ಕೆವಿನ್ ಬೇಕನ್ ಒಬ್ಬನೇ ಗೋದಾಮಿನಲ್ಲಿ ಸಿಟ್ಟಿನಿಂದ ಕುಣಿಯುತ್ತಾನಲ್ಲ, ಅದು ಈ ಹಾಡಿಗಾ?

ಅಲ್ಲ. ಬಹಳ ಜನ ಹಾಗೇ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿ ಬರುವುದು ‘ನೆವರ್’ ಅನ್ನುವ ಹಾಡು, ಮೂವಿಂಗ್ ಪಿಕ್ಚರ್ಸ್ ಅನ್ನುವ ಆಸ್ಟ್ರೇಲಿಯಾದ ಬ್ಯಾಂಡಿನದ್ದು. ಇನ್ನೊಂದು ವಿಷಯ: ಆ ದೃಶ್ಯದಲ್ಲಿ ಎಲ್ಲವನ್ನೂ ಬೇಕನ್ ಅವರೇ ಮಾಡಿಲ್ಲ. ಡ್ಯಾನ್ಸ್‌ಗೆ, ಜಿಮ್ನಾಸ್ಟಿಕ್ಸ್‌ಗೆ ಡ್ಯೂಪ್‌ಗಳಿದ್ದರು. ಅದನ್ನು ಅವರು ಮುಚ್ಚಿಟ್ಟವರೇನಲ್ಲ.

ಇದಕ್ಕೆ ತದ್ವಿರುದ್ಧದ ಕಥೆ ಕ್ರಿಸ್ ಪೆನ್ ಅವರದ್ದು. ಅವರು ಮಾಡಿದ ವಿಲ್ಲರ್ಡ್ ಪಾತ್ರಕ್ಕೆ ಕುಣಿಯಲು ಬರುವುದಿಲ್ಲ, ರೆನ್ ಅವನಿಗೆ ಕಲಿಸುತ್ತಾನೆ. ಪೆನ್‌ಗೆ ನಿಜವಾಗಿಯೂ ಕುಣಿತ ಬರುತ್ತಿರಲಿಲ್ಲ. ಅದನ್ನೇ ಕಥೆಗೆ ಸೇರಿಸಿಕೊಂಡರು. ಆ ಕಲಿಕೆಯ ದೃಶ್ಯಕ್ಕೆ ಇಟ್ಟದ್ದು ಡೆನೀಸ್ ವಿಲಿಯಮ್ಸ್ ಹಾಡಿದ ‘ಲೆಟ್ಸ್ ಹಿಯರ್ ಇಟ್ ಫಾರ್ ದ ಬಾಯ್’. ಇಡೀ ಸಿನಿಮಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮೂರು ನಿಮಿಷ ಅದು.

ಎಷ್ಟು ದೊಡ್ಡ ಹಿಟ್ ಆಯಿತು?

1984ರ ಮಾರ್ಚ್ 31ರಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನ. ಅಲ್ಲಿ ಮೂರು ವಾರ ಕೂತಿತ್ತು. ವ್ಯಾನ್ ಹೇಲನ್ ಬ್ಯಾಂಡಿನ ‘ಜಂಪ್’ ಅನ್ನು ಇಳಿಸಿ ಮೇಲೇರಿತು. ಇದನ್ನು ಇಳಿಸಿದ್ದು ಫಿಲ್ ಕಾಲಿನ್ಸ್ ಹಾಡಿದ ಇನ್ನೊಂದು ಸಿನಿಮಾ ಹಾಡು. ಬ್ರಿಟನ್ನಿನಲ್ಲಿ 6ನೇ ಸ್ಥಾನದವರೆಗೆ ಹೋಯಿತು. ಇಷ್ಟೆಲ್ಲ ಹಿಟ್ ಕೊಟ್ಟ ಲಾಗಿನ್ಸ್‌ಗೆ ಅಮೆರಿಕದಲ್ಲಿ ನಂಬರ್ ಒನ್ ಆದದ್ದು ಇದೊಂದೇ.

2018ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಡನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೂ ಸೇರಿಸಿತು.

ಆಲ್ಬಂ ಪೂರ್ತಿ ಕೇಳುವಂಥದ್ದಾ, ಒಂದೇ ಹಾಡು ಸಾಕಾ?

ಪೂರ್ತಿ ಕೇಳಿ. ಮೈಕಲ್ ಜ್ಯಾಕ್ಸನ್‌ರ ‘ಥ್ರಿಲ್ಲರ್’ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ತುದಿಯಲ್ಲಿ ಒಟ್ಟು 37 ವಾರ ಇತ್ತು. 1984ರ ಏಪ್ರಿಲ್‌ನಲ್ಲಿ ಅದನ್ನು ಆ ಜಾಗದಿಂದ ಇಳಿಸಿದ್ದು ಇದೇ ಆಲ್ಬಂ. ಹತ್ತು ವಾರ ಅಲ್ಲೇ ಇತ್ತು. ಒಂಬತ್ತು ಹಾಡುಗಳಲ್ಲಿ ಆರು ಹಾಡು ಟಾಪ್ 40 ಒಳಗೆ ಬಂದವು.

‘ಲೆಟ್ಸ್ ಹಿಯರ್ ಇಟ್ ಫಾರ್ ದ ಬಾಯ್’ ಕೂಡ ನಂಬರ್ ಒನ್ ಆಯಿತು. ಮೈಕ್ ರೆನೋ, ಆ್ಯನ್ ವಿಲ್ಸನ್ ಹಾಡಿದ ‘ಆಲ್ಮೋಸ್ಟ್ ಪ್ಯಾರಡೈಸ್’ 7ನೇ ಸ್ಥಾನಕ್ಕೆ ಹೋಯಿತು. ಬಾನಿ ಟೈಲರ್ ಹಾಡಿದ ‘ಹೋಲ್ಡಿಂಗ್ ಔಟ್ ಫಾರ್ ಎ ಹೀರೋ’ ಅಮೆರಿಕದಲ್ಲಿ ಆಗ 34ಕ್ಕೇ ನಿಂತಿತು. ವಿಚಿತ್ರ ಏನಂದರೆ ಇವತ್ತಿನ ಹುಡುಗರಿಗೆ ಜಾಸ್ತಿ ಗೊತ್ತಿರುವುದು ಅದೇ. ‘ಶ್ರೆಕ್ 2’ ಸಿನಿಮಾದಲ್ಲಿ ಅದನ್ನು ಮತ್ತೆ ಹಾಡಿಸಿದ್ದರಲ್ಲ, ಅದರ ಪುಣ್ಯ.

ಲಾಗಿನ್ಸ್ ಅವರದ್ದೇ ಇನ್ನೊಂದು ಹಾಡು ‘ಐ ಆ್ಯಮ್ ಫ್ರೀ’ ಕೂಡ ಇದರಲ್ಲಿದೆ. ಪರವಾಗಿಲ್ಲ ಅನ್ನುವಂಥದ್ದು.

ಆಸ್ಕರ್ ಬಂತಾ?

ಇಲ್ಲ. ನಾಮನಿರ್ದೇಶನ ಆಯಿತು. ಆದರೆ ಆ ವರ್ಷದ ಪೈಪೋಟಿ ನೋಡಿ: ‘ಫುಟ್‌ಲೂಸ್’, ‘ಲೆಟ್ಸ್ ಹಿಯರ್ ಇಟ್ ಫಾರ್ ದ ಬಾಯ್’, ‘ಎಗೇನ್ಸ್ಟ್ ಆಲ್ ಆಡ್ಸ್’, ‘ಗೋಸ್ಟ್‌ಬಸ್ಟರ್ಸ್’, ಮತ್ತೆ ಸ್ಟೀವಿ ವಂಡರ್ ಅವರ ‘ಐ ಜಸ್ಟ್ ಕಾಲ್ಡ್ ಟು ಸೇ ಐ ಲವ್ ಯೂ’. ಐದಕ್ಕೆ ಐದೂ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದ ಹಾಡುಗಳು. ಗೆದ್ದದ್ದು ಸ್ಟೀವಿ ವಂಡರ್. ಒಂದೇ ಸಿನಿಮಾದ ಎರಡು ಹಾಡು ಕಣದಲ್ಲಿದ್ದರೆ ವೋಟು ಒಡೆಯುವುದು ಸಹಜ. ಆದರೆ ಅದೊಂದೇ ಕಾರಣ ಅನ್ನುವುದೂ ಕಷ್ಟ. ಸ್ಟೀವಿ ವಂಡರ್ ಎದುರು ಯಾರಿದ್ದರೂ ಕಷ್ಟವೇ ಆಗಿತ್ತು.

ಕೆವಿನ್ ಬೇಕನ್ ಮದುವೆಗೆ ಹೋದರೆ ಈ ಹಾಡು ಹಾಕಬೇಡಿ ಅಂತ ಡಿಜೆಗೆ ದುಡ್ಡು ಕೊಡುತ್ತಾರಂತೆ, ಹೌದಾ?

ಹೌದು, ಅವರೇ ಟೀವಿಯಲ್ಲಿ ಹೇಳಿದ್ದಾರೆ. ಹಾಡಿನ ಮೇಲೆ ದ್ವೇಷ ಅಂತಲ್ಲ. ಹಾಡು ಶುರುವಾದ ತಕ್ಷಣ ಇಡೀ ಹಾಲ್ ತಿರುಗಿ ಇವರನ್ನೇ ನೋಡುತ್ತದೆ, ಸುತ್ತಲೂ ವೃತ್ತ ಕಟ್ಟಿ ಚಪ್ಪಾಳೆ ತಟ್ಟಿ ಕುಣಿ ಅನ್ನುತ್ತಾರೆ. ಮದುವೆ ಮನೆಯಲ್ಲಿ ಹೆಣ್ಣು ಗಂಡನ್ನು ಬಿಟ್ಟು ಎಲ್ಲರೂ ತನ್ನ ಕಡೆ ನೋಡುವುದು ಸರಿಯಲ್ಲ ಅನ್ನುವುದು ಅವರ ಮಾತು. ನ್ಯಾಯವಾದದ್ದೇ.

ಬೇಕಾದ ಜಾಗದಲ್ಲಿ ಕುಣಿಯುತ್ತಾರೆ. 2014ರಲ್ಲಿ ಸಿನಿಮಾಗೆ ಮೂವತ್ತು ವರ್ಷ ತುಂಬಿದಾಗ ಜಿಮ್ಮಿ ಫ್ಯಾಲನ್ ಅವರ ಟೀವಿ ಶೋಗೆ ಕುಣಿಯುತ್ತಲೇ ಒಳಗೆ ಬಂದಿದ್ದರು.

‘ಡೇಂಜರ್ ಜೋನ್’ ಕೂಡ ಲಾಗಿನ್ಸ್ ಅವರೇ ಬರೆದದ್ದಾ?

ಹಾಡಿದ್ದು ಮಾತ್ರ. 1986ರ ‘ಟಾಪ್ ಗನ್’ ಚಿತ್ರದ ಆ ಹಾಡನ್ನು ಬರೆದವರು ಜಾರ್ಜಿಯೋ ಮೊರೊಡರ್ ಮತ್ತು ಟಾಮ್ ವಿಟ್ಲಾಕ್. ಅದು 2ನೇ ಸ್ಥಾನದವರೆಗೆ ಹೋಯಿತು. 2022ರ ‘ಟಾಪ್ ಗನ್: ಮ್ಯಾವರಿಕ್’ನಲ್ಲಿ ಮತ್ತೆ ಕೇಳಿಸಿತು.

ಹೊಸ ‘ಫುಟ್‌ಲೂಸ್’ ಸಿನಿಮಾ ಇದೆಯಲ್ಲ, ಅದರಲ್ಲಿ ಹಾಡಿದ್ದು ಯಾರು?

2011ರಲ್ಲಿ ಕ್ರೇಗ್ ಬ್ರೂವರ್ ನಿರ್ದೇಶನದಲ್ಲಿ ಬಂದದ್ದು. ಅದಕ್ಕೆ ಬ್ಲೇಕ್ ಶೆಲ್ಟನ್ ಕಂಟ್ರಿ ಶೈಲಿಯಲ್ಲಿ ಹಾಡಿದರು. ಕೆಟ್ಟದ್ದಲ್ಲ. ಮೂಲ ಕೇಳಿದವರಿಗೆ ಅಷ್ಟಾಗಿ ನಾಟಲ್ಲ. ಅದಕ್ಕೂ ಮೊದಲು 1998ರಲ್ಲಿ ಬ್ರಾಡ್‌ವೇ ನಾಟಕವೂ ಆಗಿತ್ತು. ಅಮೆರಿಕದ ಶಾಲಾ ವಾರ್ಷಿಕೋತ್ಸವಗಳಲ್ಲಿ ಅದನ್ನು ಈಗಲೂ ಆಡುತ್ತಾರೆ.

‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯಲ್ಲಿ ಈ ಹಾಡು ಇದೆಯಾ?

2014ರ ಮೊದಲ ಭಾಗದಲ್ಲಿ ಮಾತು ಇದೆ, ಹಾಡಿಲ್ಲ. ನಾಯಕ ಪೀಟರ್ ಕ್ವಿಲ್ ತನ್ನ ಭೂಮಿಯ ದಂತಕಥೆ ಅಂತ ಜೊತೆಗಾತಿ ಗಮೋರಾಗೆ ‘ಫುಟ್‌ಲೂಸ್’ ಕಥೆ ಹೇಳುತ್ತಾನೆ. ಕೆವಿನ್ ಬೇಕನ್ ಒಬ್ಬ ಮಹಾವೀರ ಅನ್ನುವ ಹಾಗೆ ಬಣ್ಣಿಸುತ್ತಾನೆ. ಮಾರ್ವೆಲ್ ಅಭಿಮಾನಿಗಳಾದ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಈ ಹೆಸರು ಮೊದಲು ಕೇಳಿದ್ದು ಅಲ್ಲೇ. 2022ರ ಕ್ರಿಸ್‌ಮಸ್ ವಿಶೇಷದಲ್ಲಂತೂ ಬೇಕನ್ ಅವರನ್ನೇ ಎತ್ತಾಕಿಕೊಂಡು ಹೋಗುತ್ತಾರೆ!

ಚಿತ್ರೀಕರಣ ಆದ ಶಾಲೆ ಈಗಲೂ ಇದೆಯಾ?

ಯೂಟಾ ರಾಜ್ಯದ ಪೇಸನ್ ಹೈಸ್ಕೂಲ್. ಚಿತ್ರೀಕರಣಕ್ಕೆ ಮುಂಚೆ ಬೇಕನ್ ಅಲ್ಲಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿ ಅಂತ ಹೇಳಿಕೊಂಡು ಒಂದು ದಿನ ತರಗತಿಯಲ್ಲಿ ಕೂತು ಬಂದಿದ್ದರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು.

ಹಳೇ ಕಟ್ಟಡ ಬಿಟ್ಟು ಹೊಸದಕ್ಕೆ ಹೋಗುವ ಕಾಲ ಬಂದಾಗ ಮಕ್ಕಳು ಒಂದು ಆಸೆ ಇಟ್ಟರು: ಇಲ್ಲಿ ನಡೆಯುವ ಕೊನೆಯ ಪ್ರಾಮ್‌ಗೆ ಬೇಕನ್ ಬರಬೇಕು. ಸುಮ್ನೆ ಪತ್ರ ಬರೆದು ಕೂರಲಿಲ್ಲ. ಹಾಡಿಗೆ ಕುಣಿದು ವಿಡಿಯೋ ಮಾಡಿದರು, ಸೋಷಿಯಲ್ ಮೀಡಿಯಾದಲ್ಲಿ ತಿಂಗಳುಗಟ್ಟಲೆ ಬೆನ್ನು ಹತ್ತಿದರು. ಬೇಕನ್ ಒಪ್ಪಿದರು. 2024ರ ಏಪ್ರಿಲ್ 20ರಂದು ಶಾಲೆಗೆ ಬಂದರು. ಅದೇ ನೆಪದಲ್ಲಿ ಅವರ ‘ಸಿಕ್ಸ್ ಡಿಗ್ರೀಸ್’ ಸೇವಾ ಸಂಸ್ಥೆಗಾಗಿ ಮಕ್ಕಳು ಅಗತ್ಯ ಸಾಮಾನಿನ ಕಿಟ್‌ಗಳನ್ನೂ ತುಂಬಿಕೊಟ್ಟರು.

ಕೊನೆಯ ಪ್ರಾಮ್ ದೃಶ್ಯ ನಡೆಯುವ ಗಿರಣಿ ಮಾತ್ರ ಪೇಸನ್‌ನಲ್ಲಿಲ್ಲ. ಅದು ಅದೇ ರಾಜ್ಯದ ಲೀಹೈ ಊರಿನ ಲೀಹೈ ರೋಲರ್ ಮಿಲ್ಸ್. ಹೆದ್ದಾರಿಯಲ್ಲಿ ಹೋಗುವಾಗಲೇ ಕಾಣುತ್ತದೆ.

ಕಾಲೇಜ್ ಡೇಗೆ ಈ ಹಾಡಿಗೆ ಡ್ಯಾನ್ಸ್ ಮಾಡಬೇಕು ಅಂತಿದ್ದೇವೆ. ಏನಾದರೂ ಸಲಹೆ?

ಮಾಡಿ, ಆದರೆ ಎಣಿಕೆ ಹುಷಾರು. 174 ಬಡಿತಕ್ಕೂ ಒಂದೊಂದು ಹೆಜ್ಜೆ ಇಡಲು ಹೋದರೆ ಮೊದಲ ಪಲ್ಲವಿಗೇ ಸುಸ್ತು. ಅರ್ಧ ವೇಗದಲ್ಲಿ, ಅಂದರೆ 87ರ ಲೆಕ್ಕದಲ್ಲಿ ಎಣಿಸಿ. ಚರಣಗಳಿಗೆ ಆ ನಡಿಗೆ ಸಾಕು. ಪೂರ್ತಿ ವೇಗದ ಹೆಜ್ಜೆ ಪಲ್ಲವಿಗೆ ಉಳಿಸಿಕೊಳ್ಳಿ.

ಹಾಡು 3 ನಿಮಿಷ 46 ಸೆಕೆಂಡ್ ಇದೆ. ವೇದಿಕೆಗೆ ಸ್ವಲ್ಪ ಜಾಸ್ತಿಯೇ. ಕತ್ತರಿಸುವುದಾದರೆ ಎರಡನೇ ಪಲ್ಲವಿ ಆದಮೇಲಿನ ವಾದ್ಯದ ಭಾಗದಲ್ಲಿ ಕತ್ತರಿಸಿ. ದನಿಗಳಷ್ಟೇ ಉಳಿಯುವ ಆ ಖಾಲಿ ಜಾಗಕ್ಕೆ ಕೈ ಹಾಕಬೇಡಿ. ಅಲ್ಲಿ ಎಲ್ಲರೂ ನಿಂತು, ಒಬ್ಬೊಬ್ಬರೇ ಸೇರಿಕೊಂಡು, ಕೊನೆಯ ಪಲ್ಲವಿಗೆ ಒಟ್ಟಿಗೆ ನೆಗೆದರೆ ಸೀಟಿ ಗ್ಯಾರಂಟಿ. ಶೂ ಗಟ್ಟಿಯಾಗಿರಲಿ, ಲೇಸ್ ಎರಡು ಗಂಟು ಹಾಕಿ.